ತಪ್ಪು ಬ್ಯಾಟರಿಯದೋ, ವೈರಿನದೋ? ಮೀಟರನ್ನೇ ಕೇಳಿ



"ರಾತ್ರಿಯಿಡೀ ಚಾರ್ಜಿಗೆ ಹಾಕಿದ್ರೂ ಬೆಳಗ್ಗೆ ನೋಡಿದ್ರೆ ಅರವತ್ತೇ ಪರ್ಸೆಂಟು!" ಈ ಗೊಣಗಾಟ ಕೇಳದ ಮನೆ ಇಲ್ಲವೇನೋ. ಅಂಗಡಿಯವನ ಮುಂದೆ ಹೇಳಿದರೆ "ಬ್ಯಾಟರಿ ಹೋಗಿದೆ" ಎಂದು ಷರಾ ಬರೆದೇಬಿಡುತ್ತಾನೆ, ಜೊತೆಗೊಂದು ಹೊಸ ಫೋನನ್ನೂ ತೋರಿಸುತ್ತಾನೆ. ಆದರೆ ಎಷ್ಟೋ ಸಲ ಬ್ಯಾಟರಿ ನಿರಪರಾಧಿ. ತಪ್ಪು ಚಾರ್ಜರಿನದ್ದೋ, ಲೋಕಲ್ ರೈಲಿನಲ್ಲಿ ಕೊಂಡ ಅಗ್ಗದ ವೈರಿನದ್ದೋ ಆಗಿರುತ್ತದೆ. ಸಾವಿರಾರು ರೂಪಾಯಿ ಸುರಿಯುವ ಮೊದಲು ಇದನ್ನು ಮನೆಯಲ್ಲೇ ಪತ್ತೆ ಹಚ್ಚಬಹುದು. ಅದಕ್ಕೆ ಬೇಕಾದದ್ದು ಹೆಬ್ಬೆರಳು ಗಾತ್ರದ ಒಂದು ಯು.ಎಸ್.ಬಿ. ಮೀಟರ್. ಮುಂಬೈಯವರು ಲ್ಯಾಮಿಂಗ್ಟನ್ ರೋಡಿನಲ್ಲಿ, ಚೆನ್ನೈಯವರು ರಿಚಿ ಸ್ಟ್ರೀಟಿನಲ್ಲಿ, ದೆಹಲಿಯವರು ಲಜಪತ್ ರಾಯ್ ಮಾರ್ಕೆಟ್ಟಿನಲ್ಲಿ ವಿಚಾರಿಸಬಹುದು. ಆನ್‌ಲೈನ್‌ನಲ್ಲೂ ಸಿಗುತ್ತದೆ.

ಚಾರ್ಜರ್ ಮತ್ತು ಫೋನಿನ ನಡುವೆ ಇದನ್ನು ಸಿಕ್ಕಿಸಿದರೆ ಪುಟ್ಟ ಪರದೆಯ ಮೇಲೆ ಅಂಕಿಗಳು ಮೂಡುತ್ತವೆ. ವೋಲ್ಟ್ ಎಂದರೆ ನಲ್ಲಿಯಲ್ಲಿನ ನೀರಿನ ಒತ್ತಡ ಇದ್ದಂತೆ. ಆಂಪಿಯರ್ ಎಂದರೆ ಹರಿಯುವ ನೀರು. ಎರಡನ್ನೂ ಗುಣಿಸಿದರೆ ವ್ಯಾಟ್. ಹಳೆಯ ಮಾದರಿಯ ಸಾಧಾರಣ ಚಾರ್ಜರು ಕೊಡಬೇಕಾದದ್ದು 5 ವೋಲ್ಟ್, 4.75ರಿಂದ 5.25ರವರೆಗೆ ಇದ್ದರೆ ಅಡ್ಡಿಯಿಲ್ಲ. ಫಾಸ್ಟ್ ಚಾರ್ಜರು ಫೋನಿನೊಡನೆ ಮೊದಲು ಮಾತುಕತೆ ನಡೆಸಿ 9 ವೋಲ್ಟ್ ಅಥವಾ ಅದಕ್ಕೂ ಹೆಚ್ಚು ಕೊಡುತ್ತದೆ. ಡಬ್ಬಿಯ ಮೇಲೆ "ಫಾಸ್ಟ್" ಎಂದು ದಪ್ಪಕ್ಷರದಲ್ಲಿದ್ದು, ಮೀಟರ್ ಮಾತ್ರ 5ರಲ್ಲೇ ನಿಂತಿದ್ದರೆ ಆ ಮಾತುಕತೆ ಮುರಿದುಬಿದ್ದಿರುವ ಸಾಧ್ಯತೆ ಹೆಚ್ಚು. ಕೆಲವು ಕಂಪನಿಗಳ ಅತಿ ವೇಗದ ಚಾರ್ಜಿಂಗ್ ತಮ್ಮದೇ ಚಾರ್ಜರ್, ತಮ್ಮದೇ ವೈರ್ ಇದ್ದರೆ ಮಾತ್ರ ನಡೆಯುತ್ತದೆ. ಮಧ್ಯೆ ಮೀಟರ್ ಬಂದರೂ ಮುನಿಸಿಕೊಳ್ಳುವುದುಂಟು. ಆಗ ಚಾರ್ಜರನ್ನು ದೂರಬೇಡಿ.

ಇಲ್ಲೊಂದು ಮಾತು ನೆನಪಿರಲಿ. ಚಾರ್ಜರ್ ಕರೆಂಟನ್ನು ಫೋನಿನೊಳಗೆ ತಳ್ಳುವುದಿಲ್ಲ, ಫೋನೇ ತನಗೆ ಬೇಕಾದಷ್ಟು ಎಳೆದುಕೊಳ್ಳುತ್ತದೆ. ಶೇಕಡಾ 80 ದಾಟಿದ ಮೇಲೆ ಬ್ಯಾಟರಿಯ ರಕ್ಷಣೆಗಾಗಿ ಅದು ತಾನಾಗಿಯೇ ಎಳೆತ ಕಡಿಮೆ ಮಾಡುತ್ತದೆ. ಹಾಗಾಗಿ ಬ್ಯಾಟರಿ 30ರ ಆಸುಪಾಸಿನಲ್ಲಿದ್ದಾಗ, ಪರದೆ ಆರಿಸಿ, ಎರಡು ನಿಮಿಷ ಕಾದು ಅಂಕಿ ಬರೆದುಕೊಳ್ಳಿ. 90ರಲ್ಲಿರುವ ಫೋನಿಗೆ ಸಿಕ್ಕಿಸಿ "ಬರೀ ಅರ್ಧ ಆಂಪಿಯರ್!" ಎಂದು ಅಂಗಡಿಯವನ ಜೊತೆ ಜಗಳಕ್ಕೆ ನಿಂತರೆ ಸೋಲುವವರು ನೀವೇ. ಲ್ಯಾಪ್‌ಟಾಪಿನ ಹಳೆಯ ಯು.ಎಸ್.ಬಿ. 2.0 ಕಿಂಡಿಯಿಂದ ಅರ್ಧ ಆಂಪಿಯರ್ ಬರುವುದೂ ಸಹಜ. ಅದಕ್ಕೆ ವಿಧಿಸಿರುವ ಮಿತಿಯೇ ಅಷ್ಟು.

ಈಗ ವೈರಿನ ವಿಚಾರಣೆ. ನನ್ನ ಮಟ್ಟಿಗೆ ಮೀಟರಿನ ನಿಜವಾದ ಉಪಯೋಗ ಇಲ್ಲೇ. ಚಾರ್ಜರ್, ಫೋನು ಎರಡೂ ಹಾಗೇ ಇರಲಿ. ವೈರ್ ಮಾತ್ರ ಬದಲಿಸುತ್ತ ಹೋಗಿ. ಒಂದರಲ್ಲಿ 2 ಆಂಪಿಯರ್, ಇನ್ನೊಂದರಲ್ಲಿ 0.8 ಬಂದರೆ ಕಳ್ಳ ಸಿಕ್ಕಿದ ಹಾಗೆಯೇ. ಅಗ್ಗದ ವೈರಿನೊಳಗೆ ತಾಮ್ರದ ಎಳೆ ಕೂದಲಿನಷ್ಟು ತೆಳ್ಳಗಿರುತ್ತದೆ. ಸಿ-ಟೈಪ್ ಮೀಟರ್ ಇದ್ದರೆ ವೈರಿನ ಎರಡೂ ತುದಿಗಳಲ್ಲಿ ಅಳೆಯಬಹುದು. ಚಾರ್ಜರಿನ ಬಳಿ 5.1 ವೋಲ್ಟ್, ಫೋನಿನ ಬಳಿ 4.6 ಎಂದಿಟ್ಟುಕೊಳ್ಳಿ. 2 ಆಂಪಿಯರ್ ಹರಿಯುತ್ತಿದ್ದರೆ, ಕಳೆದುಹೋದ ಅರ್ಧ ವೋಲ್ಟಿನ ಲೆಕ್ಕಕ್ಕೆ 1 ವ್ಯಾಟ್ ದಾರಿಯಲ್ಲೇ ಬಿಸಿಯಾಗಿ ಹೋಯಿತು. ಹೊರಟಿದ್ದು 10 ವ್ಯಾಟ್ ಚಿಲ್ಲರೆ! ಒತ್ತಡ ಇಳಿದದ್ದನ್ನು ಕಂಡ ಫೋನು ಎಳೆತವನ್ನು ಇನ್ನಷ್ಟು ತಗ್ಗಿಸುತ್ತದೆ. ಬೆಳಗಿನ ಅರವತ್ತು ಪರ್ಸೆಂಟಿನ ಗುಟ್ಟು ಇದೇ ಇರಬಹುದು.

ಮೀಟರಿನ ಇನ್ನೊಂದು ಅಂಕಿ ಬಹಳ ಜನರನ್ನು ದಾರಿ ತಪ್ಪಿಸುತ್ತದೆ: ಮಿಲಿ ಆಂಪಿಯರ್ ಅವರ್. ಬ್ಯಾಟರಿಯ ಮೇಲೆ 5000 ಎಂದಿದ್ದು, ಪೂರ್ತಿ ಚಾರ್ಜ್ ಆದಾಗ ಮೀಟರ್ 2400 ತೋರಿಸಿದರೆ ಮೋಸವಾಯಿತು ಎಂದುಕೊಳ್ಳಬೇಡಿ. ಬ್ಯಾಟರಿಯ ಲೆಕ್ಕ ಸುಮಾರು 3.85 ವೋಲ್ಟಿನದು, ಅಂದರೆ 19 ವ್ಯಾಟ್ ಅವರ್. ಮೀಟರು ಎಣಿಸಿದ್ದು 9 ವೋಲ್ಟಿನಲ್ಲಿ, ಅಂದರೆ 21ರಿಂದ 22 ವ್ಯಾಟ್ ಅವರ್. ಹೆಚ್ಚಿನದು ಬಿಸಿಯಾಗಿ ಹೋದ ಪಾಲು. ವ್ಯಾಟ್ ಅವರ್‌ನಲ್ಲೇ ಹೋಲಿಸಿದರೆ ಗೊಂದಲ ಇರುವುದಿಲ್ಲ.

ಇಷ್ಟೆಲ್ಲ ಹೇಳುವ ಮೀಟರು ಒಂದು ವಿಷಯದಲ್ಲಿ ಮಾತ್ರ ಮೂಗ. ಚಾರ್ಜರಿನೊಳಗೆ ಒಂದು ಕಡೆ ಗೋಡೆಯ 230 ವೋಲ್ಟ್, ಇನ್ನೊಂದು ಕಡೆ ನಿಮ್ಮ ಕೈಯಲ್ಲಿರುವ ಫೋನು. ಇವೆರಡರ ನಡುವಿನ ಅಂತರವೇ ನಮ್ಮ ಜೀವರಕ್ಷೆ. ಡೂಪ್ಲಿಕೇಟ್ ಮಾಡುವವರು ಕಾಸು ಉಳಿಸುವುದು ಇಂಥ ಕಣ್ಣಿಗೆ ಕಾಣದ ಜಾಗದಲ್ಲೇ. ಮೀಟರಿನಲ್ಲಿ ಅಚ್ಚುಕಟ್ಟಾಗಿ 5.1 ತೋರಿಸುವ ಚಾರ್ಜರು ಕೂಡ ಶಾಕ್ ಹೊಡೆಯಬಹುದು, ಹೊತ್ತಿಕೊಳ್ಳಬಹುದು. ಇದನ್ನು ನೋಡಲೆಂದು ಚಾರ್ಜರನ್ನು ಬಿಚ್ಚುವ ಸಾಹಸ ಬೇಡವೇ ಬೇಡ. ಅದರ ಮೈಮೇಲೆ ಬಿ.ಐ.ಎಸ್. ಗುರುತು, ಜೊತೆಗೆ ಆರ್ ಅಕ್ಷರದ ಮುಂದೆ ಎಂಟು ಅಂಕಿಗಳು ಇವೆಯೇ ನೋಡಿ. ಬಿ.ಐ.ಎಸ್. ಕೇರ್ ಎಂಬ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾವ ತಯಾರಕರ ಯಾವ ವಸ್ತು ಎಂಬುದು ಬರುತ್ತದೆ. ಹೆಸರು ಹೊಂದದಿದ್ದರೆ ಹಾಸಿಗೆಯ ಪಕ್ಕದಲ್ಲಂತೂ ಅದನ್ನು ಇಡಬೇಡಿ. ಊರಿನಲ್ಲಿರುವ ಅಪ್ಪ ಅಮ್ಮನ ಚಾರ್ಜರನ್ನೂ ಮುಂದಿನ ಸಲ ಹೋದಾಗ ತಿರುಗಿಸಿ ನೋಡಿ. ನಮ್ಮ ಹಳೆಯ ಚಾರ್ಜರುಗಳೆಲ್ಲ ಕೊನೆಗೆ ಸೇರುವುದು ಅಲ್ಲಿಗೇ ತಾನೇ?

ಅಂದಹಾಗೆ, ರೇಡಿಯೋ ಮಂದಿಗೆ ಒಂದು ಬಿಟ್ಟಿ ಪರೀಕ್ಷೆಯಿದೆ. ಹಳೆಯ ಟ್ರಾನ್ಸಿಸ್ಟರನ್ನು ಮೀಡಿಯಂ ವೇವ್‌ಗೆ ಹಾಕಿ, ಸ್ಟೇಷನ್ ಇಲ್ಲದ ಜಾಗದಲ್ಲಿ ಮುಳ್ಳು ನಿಲ್ಲಿಸಿ, ಕೆಲಸ ಮಾಡುತ್ತಿರುವ ಚಾರ್ಜರಿನ ಹತ್ತಿರ ತನ್ನಿ. ಎಲ್ಲ ಚಾರ್ಜರೂ ಒಂದಿಷ್ಟು ಗೊರಗುಟ್ಟುತ್ತದೆ. ಸದ್ದು ಅಡಗಿಸುವ ಬಿಡಿಭಾಗಗಳನ್ನೇ ಹಾಕದ ಅಗ್ಗದ್ದು ಕೋಣೆಯ ಆಚೆಗೂ ಕೇಳಿಸುವಂತೆ ಅರಚಬಹುದು. ಎಫ್.ಎಂ.ಗೆ ಈ ತಂಟೆ ಅಷ್ಟಾಗಿ ತಟ್ಟುವುದಿಲ್ಲ, ಆದ್ದರಿಂದ ಪರೀಕ್ಷೆ ಮುಗಿಸಿ ನಿಶ್ಚಿಂತೆಯಿಂದ ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಮುಳ್ಳು ತಿರುಗಿಸಿ.