ಮನೆ ಬೆಚ್ಚಗಿಡುವ ವೆಚ್ಚಕ್ಕೆ ಗಣಕಯಂತ್ರದ ಮುಂಗಡ ಲೆಕ್ಕ

ಬಂಡವಾಳ ಹೂಡುವ ಮುನ್ನ ವ್ಯಾಪಾರಿಯು ಅಂದಾಜು ಪಟ್ಟಿ ಸಿದ್ಧಪಡಿಸುವಂತೆ, ಶೀತದೇಶಗಳಲ್ಲಿ ಮನೆಯನ್ನು ಬೆಚ್ಚಗಿಡುವ ವೆಚ್ಚವನ್ನು ಗಣಕಯಂತ್ರದಲ್ಲಿ ಮುಂಚಿತವಾಗಿಯೇ ಲೆಕ್ಕ ಹಾಕಲಾಗುತ್ತದೆ. ಗೋಡೆ, ಛಾವಣಿ, ಕಿಟಕಿಗಳ ಅಳತೆ, ಗಾಳಿಯ ಸೋರಿಕೆ ಹಾಗೂ ಸ್ಥಳೀಯ ಹವಾಮಾನದ ವಿವರಗಳನ್ನು ಒದಗಿಸಿದಲ್ಲಿ, ಶಾಖವು ಎಲ್ಲೆಲ್ಲಿ ಎಷ್ಟು ನಷ್ಟವಾಗುತ್ತದೆಂಬುದು ತಿಳಿಯುತ್ತದೆ. ಇದುವೇ ಡಿಜಿಟಲ್ ಮಾದರಿ.

ಉದಾಹರಣೆಗೆ, 100 ಚದರ ಮೀಟರ್ ವಿಸ್ತೀರ್ಣದ ಗೋಡೆಯ ಪ್ರತಿ ಚದರ ಮೀಟರಿನಿಂದ, ಒಳಹೊರಗಿನ ಉಷ್ಣತೆಯ ಪ್ರತಿ ಡಿಗ್ರಿ ಅಂತರಕ್ಕೆ 1.5 ವಾಟ್ ಸೋರುತ್ತದೆಂದು ಭಾವಿಸೋಣ. ಅಂತರ 20 ಡಿಗ್ರಿಯಾದಾಗ ನಷ್ಟ 3,000 ವಾಟ್. ಶಾಖನಿರೋಧಕ ಹೊದಿಕೆಯಿಂದ ಸೋರಿಕೆ 0.3 ವಾಟಿಗೆ ಇಳಿದರೆ ನಷ್ಟ ಕೇವಲ 600 ವಾಟ್. ಹೊದಿಕೆಗೆ ಮೊದಲೇ ದೊಡ್ಡ ಬಾಯ್ಲರ್ ಕೊಂಡಿದ್ದರೆ, ಹೆಚ್ಚುವರಿ ಸಾಮರ್ಥ್ಯಕ್ಕೆ ತೆತ್ತ ಹಣ ನಿಷ್ಫಲವೇ ಸರಿ.

ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ 1991ರಲ್ಲಿ ಆರಂಭಗೊಂಡ ‘ಪ್ಯಾಸಿವ್ ಹೌಸ್’ ಪದ್ಧತಿಯಲ್ಲಿ ಶಾಖದ ಅಗತ್ಯವು ವರ್ಷಕ್ಕೆ ಚದರ ಮೀಟರಿಗೆ 15 ಯೂನಿಟ್ ಮೀರಬಾರದು. ಇದನ್ನು ಪರಿಶೀಲಿಸಲು 1998ರಲ್ಲಿ ಬಂದ ಪಿಎಚ್‌ಪಿಪಿ ಸಹ ಲೆಕ್ಕಿಗರಿಗೆ ಚಿರಪರಿಚಿತವಾದ ಸ್ಪ್ರೆಡ್‌ಶೀಟೇ ಆಗಿದೆ.

ಆದರೆ ಊಹೆ ತಪ್ಪಿದರೆ ಫಲಿತಾಂಶವೂ ತಪ್ಪುತ್ತದೆ. ಆದುದರಿಂದ ವರ್ಷಾಂತ್ಯದಲ್ಲಿ ಇಂಧನದ ಬಿಲ್ಲಿನೊಡನೆ ತಾಳೆ ನೋಡುವುದು ಅವಶ್ಯಕ.

ಒಣಗಿಸುವ ಕೋಣೆ, ಶೀತಲಗೃಹಗಳನ್ನು ಹೊಂದಿರುವ ನಮ್ಮ ಸದಸ್ಯರಿಗೂ ಇದೇ ಸೂತ್ರ ಅನ್ವಯಿಸುತ್ತದೆ. ಯಂತ್ರಕ್ಕೆ ಕೊಟೇಶನ್ ತರಿಸುವ ಮುನ್ನ ಸೋರಿಕೆಯ ಲೆಕ್ಕ ತೆಗೆಯುವುದು ಲೇಸು.