ಕಣ್ಣಿಗೆ ಬೂದು, ಕ್ಯಾಮೆರಾಗೆ ಕೆಂಪು

ಬ್ಯಾಡಗಿ ಮೆಣಸಿನಕಾಯಿಗೆ ಹೆಸರು ಬಂದದ್ದು ಖಾರದಿಂದಲ್ಲ, ಬಣ್ಣದಿಂದ. ಆದರೆ ಕಣದಲ್ಲಿ ಒಣಹಾಕಿದ ಅದೇ ಕಾಯಿಯ ರಾಶಿ ಬೆಳದಿಂಗಳಲ್ಲಿ ಕರಿಯ ಗುಡ್ಡೆಯಂತೆ ಕಾಣುತ್ತದೆ. ಬಣ್ಣ ಎಲ್ಲಿಗೂ ಹೋಗಿರುವುದಿಲ್ಲ. ಮಂದ ಬೆಳಕಿನಲ್ಲಿ ಕೆಲಸ ಮಾಡುವ ನಮ್ಮ ಕಣ್ಣಿನ ಕೋಶಗಳಿಗೆ ಕೆಂಪನ್ನು ಹಿಡಿಯುವ ಶಕ್ತಿ ತೀರಾ ಕಡಿಮೆ, ಅಷ್ಟೆ. ನೀಹಾರಿಕೆಗಳ ಫೋಟೊ ನೋಡಿದವರಲ್ಲಿ ಏಳುವ ಮೊದಲ ಅನುಮಾನಕ್ಕೆ ಉತ್ತರ ಈ ರಾಶಿಯಲ್ಲೇ ಇದೆ. ದೂರದರ್ಶಕದಲ್ಲಿ ಇಣುಕಿದವರಿಗೆ ಸಿಗುವುದು ಬೂದು ಬಣ್ಣದ ಮಂಜಿನ ತುಣುಕು. ನೀಹಾರಿಕೆ ಎಂಬ ಹೆಸರಿನಲ್ಲೂ ಮಂಜೇ ಇದೆ. ಅದೇ ದೂರದರ್ಶಕಕ್ಕೆ ಕ್ಯಾಮೆರಾ ಜೋಡಿಸಿದರೆ ಕೆಂಪು, ಗುಲಾಬಿ ಪದರಗಳು ಬಿಚ್ಚಿಕೊಳ್ಳುತ್ತವೆ. ಹಾಗಾದರೆ ಆ ಬಣ್ಣ ಕಂಪ್ಯೂಟರಿನಲ್ಲಿ ಬಳಿದದ್ದೇ? ಅಲ್ಲ. ಆ ಕೆಂಪು ನಿಜವಾದದ್ದು, ಅದನ್ನು ಹಿಡಿಯುವ ಹವ್ಯಾಸಿಯ ಕೆಲಸ ಅಲಂಕಾರವಲ್ಲ, ಸಾಕ್ಷ್ಯ ಸಂಗ್ರಹ ಎಂಬುದು ಈ ಬರಹದ ವಾದ.

ಮೊದಲ ಪುರಾವೆಯನ್ನು ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದಲ್ಲೇ ನೋಡಬಹುದು. ರಾಣೆಬೆನ್ನೂರು ಸೀಮೆಯ ರೈತರು ಮೃಗಶಿರ, ಆರಿದ್ರ ಎಂದು ಮಳೆಯ ಲೆಕ್ಕ ಇಡುವುದು ಈ ಭಾಗದ ನಕ್ಷತ್ರಗಳ ಹೆಸರಿನಿಂದಲೇ. ಜೂನ್ ತಿಂಗಳಲ್ಲಿ ಸೂರ್ಯ ಅಲ್ಲಿರುವುದರಿಂದ ಬಿತ್ತನೆಯ ಹೊತ್ತಿಗೆ ಅವು ಕಾಣುವುದಿಲ್ಲ. ಮೆಣಸಿನಕಾಯಿ ಒಣಗುವ ಚಳಿಗಾಲದ ತಿಳಿ ರಾತ್ರಿಗಳಲ್ಲಿ ನೆತ್ತಿಯ ಸಮೀಪಕ್ಕೆ ಏರಿರುತ್ತವೆ. ಬೇಟೆಗಾರನ ಸೊಂಟಪಟ್ಟಿಯ ಮೂರು ನಕ್ಷತ್ರಗಳ ಕೆಳಗೆ ತೂಗುವ ಕತ್ತಿಯ ನಡುವಿನ ಮಸುಕು ಚುಕ್ಕೆಯೇ ಎಂ-42, ಓರಿಯನ್ ನೀಹಾರಿಕೆ. ದೂರ ಸುಮಾರು 1,300 ಜ್ಯೋತಿರ್ವರ್ಷ, ಎಂದರೆ ಈ ನೆಲವನ್ನು ಬಾದಾಮಿ ಚಾಲುಕ್ಯರು ಆಳುತ್ತಿದ್ದಾಗ ಅಲ್ಲಿಂದ ಹೊರಟ ಬೆಳಕು ಇಂದು ಇಲ್ಲಿ ಮುಟ್ಟುತ್ತಿದೆ. ಅದರ ಒಡಲಲ್ಲಿರುವ ಟ್ರಪೀಜಿಯಂ ಎಂಬ ಎಳೆಯ ನಕ್ಷತ್ರಗಳ ಗುಂಪು ಸೂಸುವ ಅತಿನೇರಳೆ ಕಿರಣ ಸುತ್ತಲಿನ ಹೈಡ್ರೋಜನ್ ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತುಹಾಕುತ್ತದೆ. ಅವು ಮತ್ತೆ ಕೂಡಿಕೊಳ್ಳುವಾಗ 656 ನ್ಯಾನೊಮೀಟರ್ ಅಲೆಯುದ್ದದ ಕೆಂಪು ಬೆಳಕು ಹೊಮ್ಮುತ್ತದೆ. ಆಮ್ಲಜನಕದ ಪಾಲು 501ರ ಸುಮಾರಿನ ಹಸಿರು. ಕಣ್ಣಿಗೆ ಒಂದಿಷ್ಟು ಹಸಿರುಛಾಯೆ ಕಂಡಂತಾದರೆ ಅದು ಇದೇ. ಈ ಬೆಳಕುಗಳು ರೋಹಿತದಲ್ಲಿ ಬಿಡಿ ಗೆರೆಗಳಾಗಿ ಕಾಣುತ್ತವೆ. 1864ರಲ್ಲಿ ಲಂಡನ್ನಿನ ವಿಲಿಯಂ ಹಗಿನ್ಸ್ ತನ್ನ ಮನೆಯ ವೀಕ್ಷಣಾಲಯದಿಂದಲೇ ಒಂದು ನೀಹಾರಿಕೆಯಲ್ಲಿ ಅಂಥ ಗೆರೆಗಳನ್ನು ಕಂಡು, ಅದು ನಕ್ಷತ್ರಗಳ ಗುಂಪಲ್ಲ, ಅನಿಲ ಎಂದು ತೋರಿಸಿಕೊಟ್ಟ. ಅಳತೆಗೆ ಸಿಗುವ ಬಣ್ಣವನ್ನು ಸುಳ್ಳೆನ್ನುವುದು ಹೇಗೆ?

ಹಿಡಿಯುವ ಕಸುಬಿಗೆ ಬರೋಣ. ಭೂಮಿ ತಿರುಗುವುದರಿಂದ ಆಕಾಶ ಗಂಟೆಗೆ 15 ಡಿಗ್ರಿ ಸರಿಯುತ್ತದೆ; ದೂರದರ್ಶಕವನ್ನೂ ಅದೇ ವೇಗದಲ್ಲಿ ತಿರುಗಿಸುವ ಪೀಠ ಇಲ್ಲಿ ಮಸೂರಕ್ಕಿಂತ ಮುಖ್ಯ. ಪೀಠದ ಅಕ್ಷ ಆಕಾಶದ ಧ್ರುವಬಿಂದುವಿಗೆ ನೆಟ್ಟಿರಬೇಕು. ರಾಣೆಬೆನ್ನೂರಿನಲ್ಲಿ ಅದು ಉತ್ತರ ದಿಗಂತದಿಂದ ಹದಿನಾಲ್ಕೂವರೆ ಡಿಗ್ರಿಯಷ್ಟೇ ಎತ್ತರ, ಚಾಚಿದ ಕೈಯ ಒಂದೂವರೆ ಮುಷ್ಟಿ. ಆದ್ದರಿಂದ ಬಡಗಣ ದಿಕ್ಕಿನಲ್ಲಿ ಮರಗಳಿಲ್ಲದ ಬಯಲು ಹುಡುಕಬೇಕು. ಕೃಷ್ಣಮೃಗ ಅಭಯಾರಣ್ಯದ ಕತ್ತಲು ಎಷ್ಟೇ ಸೆಳೆದರೂ ರಾತ್ರಿ ಅದರೊಳಗೆ ಕಾಲಿಡುವುದು ಬೇಡ, ಹೆದ್ದಾರಿಯಿಂದ ದೂರದ ಹೊಲ ಸಾಕು. ಅರ್ಧ ನಿಮಿಷದ ನೂರು ಚಿತ್ರ ತೆಗೆದು ಸರಾಸರಿ ಮಾಡಿದರೆ ಅಡ್ಡಾದಿಡ್ಡಿ ಕಣಗಳ ಗದ್ದಲ ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಕಣದಲ್ಲಿ ತೂರುವ ಕೆಲಸವೇ ಇದು: ಹೊಟ್ಟು ಒಮ್ಮೆ ಅತ್ತ, ಒಮ್ಮೆ ಇತ್ತ ಹಾರುತ್ತದೆ, ಕಾಳು ಪ್ರತಿಸಲವೂ ಅದೇ ಜಾಗದಲ್ಲಿ ಬೀಳುತ್ತದೆ. ಮಾರುಕಟ್ಟೆಯ ಸಾಮಾನ್ಯ ಕ್ಯಾಮೆರಾದಲ್ಲಿ ಸಂವೇದಕದ ಮುಂದಿರುವ ಶೋಧಕ ಈ 656ರ ಕೆಂಪಿನ ಬಹುಪಾಲನ್ನು ತಡೆಯುತ್ತದೆ. ಹೀಗಾಗಿ ಹವ್ಯಾಸಿಗಳು ಅದನ್ನು ತೆಗೆಸಿ ಬದಲಿಸುತ್ತಾರೆ. ಇದು ಬಣ್ಣ ಸೇರಿಸುವುದಲ್ಲ, ಬರುವ ಬಣ್ಣಕ್ಕೆ ಬಾಗಿಲು ತೆರೆಯುವುದು.

ಆದರೂ ಅನುಮಾನ ಪಡುವವರ ಮಾತಿನಲ್ಲಿ ಒಂದಂಶ ಸರಿಯಿದೆ. ಗಂಧಕ, ಹೈಡ್ರೋಜನ್, ಆಮ್ಲಜನಕಗಳ ಬೆಳಕನ್ನು ಬೇರೆಬೇರೆ ಹಿಡಿದು ಕ್ರಮವಾಗಿ ಕೆಂಪು, ಹಸಿರು, ನೀಲಿ ಎಂದು ಹಂಚುವ ಕ್ರಮವೊಂದುಂಟು, ಹಬಲ್ ಚಿತ್ರಗಳಿಂದ ಪ್ರಸಿದ್ಧವಾದದ್ದು. ಅದು ಬಣ್ಣದ ಫೋಟೊ ಅಲ್ಲ, ಅನಿಲಗಳ ನಕ್ಷೆ. ಚಿತ್ರದ ಕೆಳಗೆ ಹಾಗೆಂದು ಬರೆಯಬೇಕು. ಇರದ ಎಳೆಗಳನ್ನು ಊಹಿಸಿ ತುಂಬುವ ಹೊಸ ತಂತ್ರಾಂಶಗಳನ್ನಂತೂ ಸಾಕ್ಷ್ಯವೆಂದು ಒಪ್ಪಲಾಗದು. ಇನ್ನೊಂದು ಆಕ್ಷೇಪ, ಹಬಲ್, ವೆಬ್ ಇರುವಾಗ ನಾಲ್ಕಿಂಚಿನ ದೂರದರ್ಶಕ ಏಕೆ ಎಂಬುದು. ಇತಿಹಾಸ ಬೇರೆಯೇ ಹೇಳುತ್ತದೆ. ಓರಿಯನ್ ನೀಹಾರಿಕೆಯ ಮೊದಲ ಫೋಟೊವನ್ನು 1880ರ ಸೆಪ್ಟೆಂಬರ್ 30ರಂದು 51 ನಿಮಿಷ ಬೆಳಕು ಹಾಯಿಸಿ ತೆಗೆದ ಹೆನ್ರಿ ಡ್ರೇಪರ್ ವೃತ್ತಿಯಿಂದ ವೈದ್ಯ. 1883ರಲ್ಲಿ ಕಣ್ಣಿಗೆ ಕಾಣದ ನಕ್ಷತ್ರಗಳನ್ನು ಅದೇ ನೀಹಾರಿಕೆಯ ಚಿತ್ರದಲ್ಲಿ ಹಿಡಿದ ಆಂಡ್ರ್ಯೂ ಕಾಮನ್ ಎಂಜಿನಿಯರ್. 2004ರ ಜನವರಿಯಲ್ಲಿ ಅಮೆರಿಕದ ಜೇ ಮೆಕ್‌ನೀಲ್ ಮೂರಿಂಚಿನ ದೂರದರ್ಶಕದಿಂದ, ಅದೇ ಮಹಾವ್ಯಾಧದಲ್ಲಿ, ಹೊಸದಾಗಿ ಬೆಳಗಿದ ನೀಹಾರಿಕೆಯೊಂದನ್ನು ಪತ್ತೆಹಚ್ಚಿದ. ಅದಕ್ಕೆ ಅವನ ಹೆಸರೇ ಉಳಿದಿದೆ. ದೊಡ್ಡ ದೂರದರ್ಶಕಕ್ಕೆ ಕಾಣುವುದು ಆಕಾಶದ ಅತಿ ಕಿರಿದಾದ ತುಣುಕು, ಅದರ ಸಮಯಕ್ಕೂ ಸರತಿ. ಒಂದೇ ಜಾಗವನ್ನು ವರ್ಷಗಟ್ಟಲೆ ಅಗಲವಾಗಿ ನೋಡುತ್ತ ಕೂರುವ ತಾಳ್ಮೆ ಹವ್ಯಾಸಿಗಳದ್ದು.

ಕ್ಯಾಮೆರಾಕ್ಕಿಂತ ಮೊದಲು ಕಣ್ಣು ಪಳಗಬೇಕೆಂಬುದನ್ನು ಮಾತ್ರ ಬಿಟ್ಟುಕೊಡಲಾಗದು. ಅರ್ಧ ಗಂಟೆ ಕತ್ತಲಲ್ಲಿ ಕೂತು, ಮೊಬೈಲ್ ಮುಟ್ಟದೆ, ವಸ್ತುವಿನ ತುಸು ಪಕ್ಕಕ್ಕೆ ದೃಷ್ಟಿ ಇಟ್ಟರೆ ಬೂದು ಮಂಜಿಗೂ ರೆಕ್ಕೆ ಮೂಡುತ್ತವೆ. ಜನವರಿ ನಡುವಿನ ಅಮಾವಾಸ್ಯೆಯ ಆಸುಪಾಸು ರಾತ್ರಿ ಹತ್ತೂವರೆಗೆ ಎಂ-42 ಇಲ್ಲಿ 70 ಡಿಗ್ರಿ ಎತ್ತರದಲ್ಲಿರುತ್ತದೆ. ಅದು ಪಡುವಣಕ್ಕೆ ಇಳಿದ ಮೇಲೆ, ಏಪ್ರಿಲ್ ನಡುವೆ ರಾತ್ರಿ 9.40ರ ಹೊತ್ತಿಗೆ, ತೆಂಕಣ ದಿಗಂತದಿಂದ 15 ಡಿಗ್ರಿ ಮೇಲೆ ಕರೀನಾ ನೀಹಾರಿಕೆ ನಿಲ್ಲುತ್ತದೆ, ಓರಿಯನ್ ನೀಹಾರಿಕೆಗಿಂತಲೂ ಹರಹು ದೊಡ್ಡದು. ಡ್ರೇಪರನ ನ್ಯೂಯಾರ್ಕ್ ಸೀಮೆಯಲ್ಲಾಗಲಿ ಕಾಮನ್‌ನ ಲಂಡನ್ ಬಳಿಯಲ್ಲಾಗಲಿ ಅದು ಉದಯಿಸುವುದೇ ಇಲ್ಲ.