ನೀರಿಗೆ ಮಾತ್ರ ದಾರಿ ಬಿಡುವ ಪೊರೆ



ನಮ್ಮ ಮಡಕಶಿರಾ, ರಾಯದುರ್ಗದ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುವುದು ಯಾರಿಗೂ ಹೊಸ ವಿಷಯವಲ್ಲ. ಮಕ್ಕಳ ಹಲ್ಲಿನ ಕಂದು ಕಲೆ, ಹಿರಿಯರ ಬಗ್ಗದ ಮೊಣಕಾಲುಗಳನ್ನು ನೋಡುತ್ತಲೇ ಬಂದಿದ್ದೇವೆ. ಅದಕ್ಕೇ ಈಗ ಶುದ್ಧ ನೀರಿನ ಘಟಕದಿಂದ 20 ಲೀಟರ್ ಕ್ಯಾನ್ ತರುತ್ತೇವೆ. ಕಳೆದ ಸಭೆಯಲ್ಲಿ ಒಬ್ಬ ವಿದ್ಯಾರ್ಥಿನಿ, "ಒಂದು ಕ್ಯಾನ್ ತುಂಬಲು ಅಷ್ಟೊಂದು ನೀರು ಚರಂಡಿಗೆ ಯಾಕೆ ಹೋಗುತ್ತದೆ?" ಎಂದು ಕೇಳಿದಳು. ಆಗ ನಮಗೆ ಉತ್ತರ ಹೇಳಲಾಗಲಿಲ್ಲ. ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇವೆ.

ಘಟಕದ ಜೀವಾಳ ಪಾಲಿಅಮೈಡ್ ಎಂಬ ಪಾಲಿಮರ್‌ನ ತೆಳು ಪೊರೆ. ಅದರ ಒತ್ತೊತ್ತಾದ ಎಳೆಗಳ ಸಂದಿಯಲ್ಲಿ ನೀರಿನ ಅಣುಗಳು ನುಸುಳಬೇಕು. ಪಂಪಿನ ಒತ್ತಡ ಅದಕ್ಕೇ. ತಡೆಹಿಡಿದ ಉಪ್ಪು, ಫ್ಲೋರೈಡ್ ಪೊರೆಯ ಮೇಲೆ ಕಟ್ಟಿಕೊಳ್ಳದಂತೆ ಒಂದಷ್ಟು ನೀರು ಅವನ್ನು ತೊಳೆದು ಒಯ್ಯಬೇಕು. ಚರಂಡಿಗೆ ಹೋಗುವುದು ಆ ನೀರು.

ನಮ್ಮ ದೇಹದ ಜೀವಕೋಶಗಳು ಇದೇ ಕೆಲಸವನ್ನು ಪಂಪಿಲ್ಲದೆ ಮಾಡುತ್ತವೆ. ಅಮೆರಿಕದ ವಿಜ್ಞಾನಿ ಪೀಟರ್ ಆಗ್ರೆ ರಕ್ತದ ಕೆಂಪುಕಣಗಳಲ್ಲಿ ಒಂದು ಪ್ರೋಟೀನನ್ನು ಕಂಡರು. ಕಪ್ಪೆಯ ಮೊಟ್ಟೆಗಳಲ್ಲಿ ಅದು ತಯಾರಾಗುವಂತೆ ಮಾಡಿ, ಮೊಟ್ಟೆಗಳನ್ನು ತೆಳು ನೀರಿಗೆ ಹಾಕಿದರು. ಸಾಮಾನ್ಯ ಮೊಟ್ಟೆಗಳು ಹಾಗೇ ಇದ್ದವು. ಪ್ರೋಟೀನ್ ಇದ್ದವು ಉಬ್ಬಿ ಒಡೆದವು. ಇದು 1992ರ ಮಾತು. ಅಕ್ವಾಪೊರಿನ್ ಎಂಬ ಈ ಪ್ರೋಟೀನ್ ನೀರಿನ ಅಣುಗಳನ್ನು ಸಾಲಾಗಿ ಒಂದೊಂದೇ ಬಿಡುತ್ತದೆ, ಉಪ್ಪನ್ನು ಬಿಡುವುದಿಲ್ಲ. ಹಾಗಿದ್ದೂ ಸೆಕೆಂಡಿಗೆ ನೂರಾರು ಕೋಟಿ ಅಣುಗಳು ದಾಟುತ್ತವೆ! ಆಗ್ರೆ ಅವರಿಗೆ 2003ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

ಈ ಅಣುವನ್ನು ಕೃತಕ ಪೊರೆಯಲ್ಲಿ ಕೂರಿಸಬಹುದೇ? ಜೀವಕೋಶದ ಪೊರೆ ಕೊಬ್ಬಿನದು, ಬೇಗ ಹರಿಯುತ್ತದೆ. ಆದ್ದರಿಂದ ಎರಡು ತುದಿ ನೀರಿಗೆ ಒಗ್ಗುವ, ನಡುಭಾಗ ನೀರಿಗೆ ಒಗ್ಗದ ಪಾಲಿಮರ್ ತಯಾರಿಸಿದರು. ನೀರಿನಲ್ಲಿ ಅದು ತಾನಾಗಿಯೇ ಪೊರೆಯಾಗುತ್ತದೆ. ಈ ಪೊರೆ ಪ್ರೋಟೀನಿಗಿಂತ ದಪ್ಪ. ಆದರೂ ನಡುಭಾಗ ಮೆತ್ತಗಿನ ಸಿಲಿಕೋನ್ ಆದ್ದರಿಂದ ಪ್ರೋಟೀನಿನ ಸುತ್ತ ತಗ್ಗಿ ಜಾಗ ಕೊಡುತ್ತದೆ. 2007ರಲ್ಲಿ ಮನೀಶ್ ಕುಮಾರ್ ಮತ್ತು ಸಂಗಡಿಗರು ಬ್ಯಾಕ್ಟೀರಿಯಾದ ಅಕ್ವಾಪೊರಿನ್ ಅನ್ನು ಹೀಗೆ ಸೇರಿಸಿದಾಗ, ಬರಿಯ ಪಾಲಿಮರ್‌ಗಿಂತ ಸುಮಾರು 800 ಪಟ್ಟಿನವರೆಗೆ ಹೆಚ್ಚು ನೀರು ದಾಟಿತು.

ಪ್ರಯೋಗಾಲಯದಲ್ಲಿ ಇಂಥ ಪೊರೆಯನ್ನು ಚಿನ್ನದ ಹಾಳೆಯ ಮೇಲೆ ಹಾಸುವುದೂ ಉಂಟು. ಪಾಲಿಮರ್ ತುದಿಗೆ ಗಂಧಕ ಸೇರಿಸಿದರೆ ಅದು ಚಿನ್ನವನ್ನು ಹಿಡಿದುಕೊಳ್ಳುತ್ತದೆ. ನೀರಿನ ಕೆಲಸಕ್ಕಾದರೆ, ಅಕ್ವಾಪೊರಿನ್ ಇರುವ ಸಣ್ಣ ಗುಳ್ಳೆಗಳನ್ನು ಪಾಲಿಅಮೈಡ್ ಪದರದೊಳಗೇ ಹುದುಗಿಸುತ್ತಾರೆ. ಡೆನ್ಮಾರ್ಕ್‌ನ ಒಂದು ಕಂಪನಿ ಇಂಥ ಪೊರೆಗಳನ್ನು ಮಾರುಕಟ್ಟೆಗೆ ತಂದಿತು.

ಹಾಗಾದರೆ ಚರಂಡಿಗೆ ಹೋಗುವ ನೀರು ನಿಲ್ಲುತ್ತದೆಯೇ? ಇಲ್ಲ. ದಾರಿ ಸಲೀಸಾದರೆ ಪಂಪಿನ ಖರ್ಚು ಇಳಿಯಬಹುದು. ಆದರೆ ತಡೆದ ಫ್ಲೋರೈಡ್ ಎಲ್ಲಿಗಾದರೂ ಹೋಗಲೇಬೇಕಲ್ಲ. ಆ ಹುಡುಗಿಗೆ ನಮ್ಮ ಉತ್ತರ ಇಷ್ಟೇ.

ಕಡೆಯದಾಗಿ ಒಂದು ವಿನಂತಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಇಂಗಿದಷ್ಟೂ ಅದು ಗಟ್ಟಿಯಾಗುತ್ತದೆ. ಕುಡಿಯಲು ಮಾತ್ರವಲ್ಲ, ಅನ್ನ, ಸಾರಿಗೂ ಘಟಕದ ನೀರನ್ನೇ ಬಳಸಿರಿ. ಹೊರಬಿಟ್ಟ ನೀರಿನಿಂದ ನೆಲ ಒರೆಸಬಹುದು, ದನಕರುಗಳಿಗೆ ಕುಡಿಸಬೇಡಿ. ಲೀಟರಿಗೆ 1 ಮಿಲಿಗ್ರಾಂ ಒಳಗೆ ಫ್ಲೋರೈಡ್ ಇರಬೇಕೆಂಬುದು ನಮ್ಮ ದೇಶದ ಮಾನದಂಡ. ಬೇರೆ ನೀರು ಸಿಗದಿದ್ದರೆ ಮಾತ್ರ 1.5ರವರೆಗೆ. ನಿಮ್ಮ ಬೋರ್‌ವೆಲ್ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿರಿ.

ಕಾರ್ಯದರ್ಶಿ